ದೊಡ್ಡವ್ವನ ಹೆಸರಲ್ಲಿ ಹೋದ ಪದ

೧೦ ಅಕ್ಟೋಬರ್ ೧೯೮೩, ಸೋಮವಾರ

ಫಸ್ಟ್ ಶಿಫ್ಟ್. ವಾಚಿನೊಳಗಿನ ಎರಡು ಹೇರ್ ಸ್ಪ್ರಿಂಗ್ ಹಾಳು ಮಾಡ್ದೆ. ಸೂಪರ್‌ವೈಸರ್ ಪಕ್ಕ ಬಂದು ನಿಂತು ನೋಡ್ದ. ಬೈದಿದ್ರೇ ಚೆನ್ನಾಗಿತ್ತು.

ತಪ್ಪು ನಂದೇ. ಕಣ್ಣಲ್ಲಿ ಐ ಗ್ಲಾಸ್, ಕೈಲಿ ಚಿಮಟ, ಮನಸ್ಸು ಮಾತ್ರ ಹಾಡೋ ಪದದ ಹಿಂದೆ. ನಮ್ಮ ವಾಚ್ ಜೋಡ್ಸೋ ಹಾಲ್‌ನಲ್ಲಿ ಮಾತಾಡೋ ಹಾಗಿಲ್ಲ. ಜೋರಾಗಿ ಉಸಿರು ಬಿಟ್ರೂ ಧೂಳು ಅಂತಾರೆ. ಎಂಟು ಗಂಟೆ ಬಾಯಿ ಮುಚ್ಕೊಂಡು ಕೂತ್ರೆ ಇನ್ನೇನಾಗುತ್ತೆ? ಒಳಗೊಳಗೇ ಪದ ಕಟ್ತೀನಿ. ಇವತ್ತು ಮೂರು ಸಾಲು ಸರಿಯಾಗಿ ಕೂತ್ಕೊಂತು. ಸೈರನ್ ಕೂಗಿತು, ಕೋಳಿ ಇನ್ನೂ ಕೂಗಿಲ್ಲ, ಮಗು ಮಲಗಿದೆ, ಎಬ್ಬಿಸ್ದೆ ಹೊರಟೆ — ಇಷ್ಟೇ ವಿಷಯ.

ವಾಸಂತಿಗೆ ನಾಲ್ಕು ತುಂಬ್ತು. ನಾಲ್ಕೂವರೆಗೆ ಏಳ್ತೀನಿ, ಐದೂ ಕಾಲಿಗೆ ಫ್ಯಾಕ್ಟರಿ ಬಸ್. ಎಬ್ಬಿಸಿದ್ರೆ ಸೆರಗು ಬಿಡಲ್ಲ, ಅದಕ್ಕೇ ಕಳ್ಳಿ ಹಾಗೆ ಹೊರಡ್ತೀನಿ. ಕಣ್ಣು ಬಿಟ್ಟ ತಕ್ಷಣ ಅವಳಿಗೆ ಕಾಣೋದು ಅಪ್ಪನ ಮುಖ, ಆಮೇಲೆ ಎದುರು ಮನೆಯವರ ಮುಖ. ಮಧ್ಯಾಹ್ನ ಮೇಲೆ ಸಿಗ್ತೀಯಲ್ಲ ಅಂತಾರೆ ಇವರು. ಸಿಗ್ತೀನಿ. ಆದ್ರೆ ನನ್ನ ಮಗು ನಿದ್ದೆಯಿಂದ ಏಳೋದನ್ನ ನಾನು ಭಾನುವಾರ ಮಾತ್ರ ನೋಡೋದು.

೧೪ ಅಕ್ಟೋಬರ್, ಶುಕ್ರವಾರ

ಸೀತಾಲಕ್ಷ್ಮಿ ಕ್ಯಾಂಟೀನಲ್ಲಿ ಒಂದು ಫಾರಂ ತಂದು ತಟ್ಟೆ ಪಕ್ಕ ಇಟ್ಲು. ನನ್ನ ಪಕ್ಕದ ಸೀಟಿನವಳು, ಮಲ್ಲೇಶ್ವರದಿಂದ ಬರ್ತಾಳೆ, ಚಿಕ್ಕಂದಿನಲ್ಲಿ ಸಂಗೀತ ಕಲಿತವಳು. ಸುತ್ತಮುತ್ತಲ ಫ್ಯಾಕ್ಟರಿಗಳೆಲ್ಲ ಸೇರಿ ರಾಜ್ಯೋತ್ಸವಕ್ಕೆ ಹಾಡಿನ ಸ್ಪರ್ಧೆ ಇಟ್ಟಿದ್ದಾರೆ.

"ರೀ ರಾಮಕ್ಕ, ಬಸ್ಸಲ್ಲಿ ಗುನುಗಿದ್ರೆ ಏನ್ ಬಂತು? ಹೆಸರು ಕೊಡ್ರೀ."

ಎರಡೇ ವಿಭಾಗ. ಭಾವಗೀತೆ — ಹೆಸರಾದ ಕವಿಗಳದ್ದೇ ಆಗ್ಬೇಕು. ಜಾನಪದ — 'ಪರಂಪರೆಯಿಂದ ಬಂದ ಹಾಡು ಮಾತ್ರ. ಸ್ವಂತ ರಚನೆಗೆ ಅವಕಾಶವಿಲ್ಲ.' ಅದರ ಕೆಳಗೆ ಗೆರೆ: ಯಾರಿಂದ ಕಲಿತದ್ದು?

ನನ್ನಂಥೋಳು ಎಲ್ಲಿಗೆ ಹೋಗ್ಬೇಕು? ಕವಿ ಅಲ್ಲ, ಸತ್ತೂ ಇಲ್ಲ.

"ದೊಡ್ಡನೆಕ್ಕುಂದಿಲಿ ನಿಮ್ಮ ದೊಡ್ಡವ್ವ ಪದ ಹೇಳ್ತಾರೆ ಅಂತಿದ್ರಲ್ಲ, ಅವರ ಹೆಸರು ಬರ್ದುಬಿಡಿ. ಯಾರು ಹೋಗಿ ಕೇಳ್ತಾರೆ? ಆದ್ರೆ ಆ ಸೈರನ್ ತೆಗೀರಿ. ಜಾನಪದಕ್ಕೆ ಸೈರನ್ ಎಲ್ಲಿಂದ ಬಂತು!"

ತೆಗ್ದೆ. ಸೈರನ್ ಹೋಗಿ ಊದೋ ಕೊಂಬು ಬಂತು. ಈಗ ಹೀಗಿದೆ:

ಕೊಂಬು ಕೂಗ್ಯಾದೆ ಕೋಳಿ ಕೂಗುವ ಮುಂದೆ
ತುಂಬಿದ ನಿದ್ದೆ ನನ ಕಂದ, ಎಬ್ಬಿಸದೆ
ಕಂಬ ಹಿಡಿದು ಹೊಸಿಲ ದಾಟೀನಿ

ಕಣ್ಣು ಬಿಟ್ಟಾಗ ನೀ ಯಾರ ಮೊಗವ ಕಂಡೆ
ಬೆಣ್ಣೆ ಬೆರಳನ್ನ ಯಾರ್ಗಿಟ್ಟೆ, ನನ ಕಂದ
ತಣ್ಣನೆ ಹೊತ್ತು ನನದಲ್ಲ

ನಿಜ ಹೇಳ್ಬೇಕು ಅಂದ್ರೆ ಕೊಂಬೇ ಚೆನ್ನಾಗಿ ಕೂತಿದೆ. ಫಾರಂನಲ್ಲಿ ಬರೆದೆ — ದೊಡ್ಡನೆಕ್ಕುಂದಿ ಮುನಿಯಕ್ಕನಿಂದ ಕಲಿತದ್ದು. ಕೈ ಒಂದು ಸಲವೂ ತಡೀಲಿಲ್ಲ.

೨ ನವೆಂಬರ್, ಬುಧವಾರ

ಫಸ್ಟ್ ಪ್ರೈಜ್!!

ಹಾಡ್ತಾ ನೋಡ್ತೀನಿ, ಹಿಂದಿನ ಸಾಲಲ್ಲಿ ನಮ್ಮ ಹಾಲ್‌ನ ಹೆಂಗಸರು ಮೂಗೊರೆಸ್ಕೊಳ್ತಿದ್ರು.

ಮುಗಿದ ಮೇಲೆ ತೀರ್ಪುಗಾರರಲ್ಲಿ ಒಬ್ಬರು ಹುಡುಕ್ಕೊಂಡು ಬಂದ್ರು. ಜಯಸಿಂಹ ಅಂತ, ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು, ಹಳ್ಳಿ ಹಳ್ಳಿ ತಿರುಗಿ ಪದ ಕೂಡಿಸ್ತಾರಂತೆ. ಕಣ್ಣಲ್ಲಿ ನೀರು ಆ ಮನುಷ್ಯನಿಗೆ.

"ತಾಯಿ, ಈ ಮುನಿಯಕ್ಕ ಬದುಕಿದ್ದಾರೆಯೇ?"

"ಇದ್ದಾರೆ ಸಾರ್" ಅಂದ್ಬಿಟ್ಟೆ. ಇಲ್ಲ ಅಂದಿದ್ರೆ ಅಲ್ಲಿಗೆ ಮುಗ್ದೋಗ್ತಿತ್ತು. ದೊಡ್ಡವ್ವನ್ನ ಸಾಯ್ಸೋಕೆ ಬಾಯಿ ಬರ್ಲಿಲ್ಲ. ಟೇಪ್ ರೆಕಾರ್ಡರ್ ತಗೊಂಡು ಬರ್ತಾರಂತೆ, ಇಪ್ಪತ್ತೇಳಕ್ಕೆ. ಹೂಂ ಅಂದೆ. ಪ್ರೈಜ್ ಬಂದ ಖುಷಿ ಅರ್ಧ ಗಂಟೆನೂ ಉಳೀಲಿಲ್ಲ.

೧೩ ನವೆಂಬರ್, ಭಾನುವಾರ

ದೊಡ್ಡನೆಕ್ಕುಂದಿಗೆ ಹೋಗಿ ಬಂದೆ. ಎರಡು ಬಸ್ ಬದಲಾಯಿಸಿ, ಆಮೇಲೆ ನಡಿಗೆ.

ದೊಡ್ಡವ್ವ ಅಂದ್ರೆ ನಮ್ಮವ್ವನ ಅಕ್ಕ. ಗಂಡ ಇಲ್ಲ, ಮಕ್ಕಳಿಲ್ಲ. ಮೈದುನನ ಮನೆ ಹಿಂದಿನ ಕೋಣೆ, ಎಮ್ಮೆ ಪಕ್ಕ. ಎಲ್ಲರದ್ದೂ ಊಟ ಆದ್ಮೇಲೆ ಇವಳ ಊಟ. ಹುಣಸೆಹಣ್ಣು ಕುಟ್ತಾ ಕೂತಿದ್ಲು. ಎಲ್ಲಾ ಹೇಳ್ದೆ. ಕುಟ್ಟೋದು ನಿಲ್ಲಿಸ್ಲಿಲ್ಲ.

"ಅಂಗಾರೆ ನಾನೀಗ ಏನ್ ಮಾಡ್ಬೇಕೇ?"

"ಆ ಪದ ನೀನೇ ಕಲಿಸ್ದೆ ಅಂತ ಹೇಳ್ಬೇಕು ದೊಡ್ಡವ್ವ. ಒಂದು ದಿನದ ಮಟ್ಟಿಗೆ."

"ಯೋಳು ಮತ್ತೆ. ಕಲೀತೀನಿ."

ಎರಡು ಸಲ ಹೇಳಿದ್ದಕ್ಕೆ ಬಾಯಿಗೆ ಬಂದ್ಬಿಡ್ತು! ನನಗಿಂತ ಚೆನ್ನಾಗಿ ಎಳೀತಾಳೆ. ಆ ಗಂಟಲಿಗೆ ಹೋದ್ರೆ ಹೊಸ ಪದನೂ ಹಳೇದಾಗ್ಬಿಡುತ್ತೆ. ನನಗೇ ಅನುಮಾನ ಬಂತು, ಇದನ್ನ ನಾನೇ ಕಟ್ಟಿದ್ನಾ ಅಂತ.

"ನಿನ್ ಕೂಸಿಗೆ ಕಟ್ಟೀದೀಯ ಅಲ್ವೇನೆ?" ಅಂದ್ಲು. ಅಷ್ಟೇ ಕೇಳಿದ್ದು.

೨೭ ನವೆಂಬರ್, ಭಾನುವಾರ

ಜಯಸಿಂಹ ಮೇಷ್ಟ್ರು ದೊಡ್ಡನೆಕ್ಕುಂದಿಗೆ ಬಂದ್ರು. ದೊಡ್ಡವ್ವ ಪದ ಹೇಳಿದ್ಲು, ಒಂದಕ್ಷರ ತಪ್ಪಿಲ್ಲ. "ಇದು ನಿಮಗೆ ಯಾರು ಹೇಳಿಕೊಟ್ಟರು ತಾಯಿ?" ಅಂದ್ರೆ "ನಮ್ಮತ್ತೆ, ಅವರ್ಗೆ ಅವರತ್ತೆ" ಅಂತ ಕಣ್ಣು ಮಿಟುಕಿಸ್ದೆ ಅಂದ್ಬಿಟ್ಲು. ನಾನು ನೆಲ ನೋಡ್ತಾ ಕೂತೆ.

ಆಮೇಲಿನದ್ದು ಬರೀಬೇಕು. ದೊಡ್ಡವ್ವನಿಗೆ ಹುರುಪು ಬಂತು. ತನ್ನವೇ ಹೇಳೋಕೆ ಶುರು ಮಾಡಿದ್ಲು — ಬೀಸೋ ಪದ, ಕಳೆ ಕೀಳೋ ಪದ, ಬೀಗರನ್ನ ಹೀಯಾಳ್ಸೋ ಪದ. ಬೀಗರ ಪದಕ್ಕೆ ಮೇಷ್ಟ್ರ ಕಿವಿ ಕೆಂಪಾಯ್ತು. "ಇವು ಸ್ವಲ್ಪ... ಬೇಡಿ ತಾಯಿ. ಸೆಲ್ ಉಳಿಸಬೇಕು" ಅಂತ ಟೇಪ್ ಆಫ್ ಮಾಡಿದ್ರು. ಬೀಸೋ ಪದಾನೂ ಹಾಗೇ ಹೋಯ್ತು. ನಿಜವಾದ್ದು ಒಂದೂ ಹಿಡೀಲಿಲ್ಲ, ಸುಳ್ಳನ್ನ ಮಾತ್ರ ಹಿಡ್ಕೊಂಡು ಹೋದ್ರು.

ದೊಡ್ಡವ್ವ ಟೇಪ್ ಆಫ್ ಆಗಿದ್ದು ಗೊತ್ತಾಗ್ದೆ ಹೇಳ್ತಾನೇ ಇದ್ಲು.

೯ ಸೆಪ್ಟೆಂಬರ್ ೧೯೮೪, ಭಾನುವಾರ

ಎಷ್ಟು ತಿಂಗಳಾಯ್ತು ಬರೆದು! ಹಾಡೋದೇ ಆಯ್ತು. ಪೀಣ್ಯದಲ್ಲಿ ಎರಡು ಗಣೇಶ, ಜಾಲಹಳ್ಳಿ ಕಾಲೋನಿಲಿ ಒಂದು, ನಿನ್ನೆ ಕಾಡುಗೋಡಿ. ತಮಟೆಯವರನ್ನ ಬಿಟ್ರೆ ಜೊತೆಗೆ ಯಾರೂ ಇಲ್ಲ. ಮೇಳ ಗೀಳ ನನಗೆ ಆಗ್ಬರಲ್ಲ, ಒಬ್ಬಳೇ ನಿಂತು ಹೇಳ್ತೀನಿ. ಹೊಸ ಪದಗಳೂ ಆಗಿವೆ, ಕೊಂಬಿನ ಪದ ಸೇರಿ ಹನ್ನೊಂದು. ನೀರಿನ ಲಾರಿ ಮೇಲೆ ಒಂದು ಕಟ್ಟಿದ್ದೀನಿ, ಜನ ಬಿದ್ದು ಬಿದ್ದು ನಗ್ತಾರೆ.

ಆದ್ರೆ ಎಲ್ಲೇ ಹೋದ್ರೂ ಮೈಕಲ್ಲಿ ಅದೇ ಮಾತು: "ಈಗ ಮುನಿಯಕ್ಕನವರ ಶಿಷ್ಯೆ ರಾಮಕ್ಕನವರಿಂದ ಪರಂಪರೆಯ ಪದಗಳು." ನೀರಿನ ಲಾರಿಗೆ ಯಾವ ಪರಂಪರೆ ಅಂತ ಯಾರೂ ಕೇಳಲ್ಲ.

೧೧ ಜೂನ್ ೧೯೮೫, ಮಂಗಳವಾರ

ಮೇಷ್ಟ್ರ ಪುಸ್ತಕ ಬಂತು. ಪೋಸ್ಟಲ್ಲಿ ಕಳ್ಸಿದ್ದಾರೆ, 'ಪ್ರೀತಿಯ ತಂಗಿ ರಾಮಕ್ಕನಿಗೆ' ಅಂತ ಸಹಿ ಹಾಕಿ. ನಲವತ್ತೊಂದನೇ ಪುಟದಲ್ಲಿ ನನ್ನ ಪದ. ಹೇಳಿದವರು: ಮುನಿಯಕ್ಕ. ಸಂಗ್ರಹ: ಜಯಸಿಂಹ.

ಕೆಳಗೆ ಟಿಪ್ಪಣಿ. 'ಪಾಳೆಯಗಾರರ ಕಾಲದ ಬಿಟ್ಟಿ ಚಾಕರಿಯ ಹಾಡು. ಕೊಂಬು ಎಂದರೆ ಕೋಟೆಯ ಕಾವಲಿನ ಕೊಂಬು. ಕಡಿಮೆಯೆಂದರೂ ಇನ್ನೂರು ವರ್ಷ ಹಳೆಯದು. ಇಂಥ ನೋವನ್ನು ಇಂದಿನವರು ಕಟ್ಟಲಾರರು.'

ಇಂದಿನವರು ಕಟ್ಟಲಾರರಂತೆ!! ಕೋಟೆಯಂತೆ! ನನ್ನ ಕೋಟೆ ನೋಡೋಕೆ ಬೆಳಿಗ್ಗೆ ಐದೂವರೆಗೆ ಗೇಟ್ ಹತ್ರ ಬರ್ಲಿ, ಕಾರ್ಡ್ ಪಂಚ್ ಮಾಡಿಸ್ತೀನಿ.

ನಗು ಬಂತು ಮೊದ್ಲು. ಇವರಿಗೂ ಓದಿ ತೋರ್ಸಿ ನಕ್ಕೆ. ಪಾತ್ರೆ ತೊಳೀತಾ ಅಳು ಬಂದ್ಬಿಡ್ತು. ಎಂಟು ಗಂಟೆ ಬಾಯಿ ಮುಚ್ಕೊಂಡು, ಕಣ್ಣು ಸೋಲಿಸ್ಕೊಂಡು, ಒಂದೊಂದೇ ಅಕ್ಷರ ಹುಡುಕಿ ಕಟ್ಟಿದ್ದು ನಾನು. ನನ್ನ ಮಗಳಿಗೆ.

ಇವರು ಅಂದ್ರು, "ಹೋಗ್ಲಿ ಬಿಡು, ಹೆಸರು ಯಾರದ್ದಾದ್ರೇನು, ಪದ ಬದುಕ್ತಲ್ಲ." ಹಾಗಾದ್ರೆ ನಾಳೆ ನಿಮ್ಮ ಮಗಳ ಸ್ಕೂಲ್ ರಿಜಿಸ್ಟರಲ್ಲಿ ಅಪ್ಪನ ಹೆಸರು ಎದುರು ಮನೆಯವರದ್ದು ಹಾಕಿಸ್ಲಾ ಅಂದೆ.

೧೮ ಆಗಸ್ಟ್, ಭಾನುವಾರ

ಪೀಣ್ಯದ ಕ್ಯಾಸೆಟ್ ಕಂಪನಿಯ ಉಪೇಂದ್ರ ಬಂದಿದ್ದ. ಶೆಡ್ಡಲ್ಲಿ ಮೆಷೀನ್ ಇಟ್ಕೊಂಡು ಕ್ಯಾಸೆಟ್ ಮಾಡ್ತಾನೆ. ಹನ್ನೊಂದೂ ಪದ ಬೇಕಂತೆ, ನನ್ನ ಧ್ವನೀಲೇ. ಕುಣಿದಾಡೋ ಹಾಗಾಯ್ತು.

"ರಚನೆ ರಾಮಕ್ಕ ಅಂತ ಹಾಕ್ಬೇಕು" ಅಂದೆ.

"ಅಕ್ಕಾ, ಜನಪದ ಅಂದ್ರೆ ಬಸ್ ಸ್ಟ್ಯಾಂಡಲ್ಲಿ ಎತ್ಕೊಂಡ್ ಹೋಗ್ತಾರೆ. ರಚನೆ ರಾಮಕ್ಕ ಅಂದ್ರೆ, ಯಾರು ರಾಮಕ್ಕ ಅಂತಾರೆ. ಮತ್ತೆ ಆ ಕೊಂಬಿನ ಪದ ಹೆಂಗೂ ನಿಮ್ದಲ್ವಲ್ಲ, ಪುಸ್ತಕದಲ್ಲೇ ಇದೆ. ಒಂದಕ್ಕೊಂದು ಥರ, ಮಿಕ್ಕಿದ್ದಕ್ಕೊಂದು ಥರ ಹಾಕಕ್ಕಾಗುತ್ತಾ?"

ಬೇಡ ಅಂದೆ. ನಾಳೆ ಹೇಳ್ತೀನಿ ಅಂತ ಕೂಡ ಅನ್ಲಿಲ್ಲ. ಅವನು ಹೋದ್ಮೇಲೆ ಬಾಗ್ಲಲ್ಲೇ ನಿಂತಿದ್ದೆ. ಒಂದು ಫಾರಂನಲ್ಲಿ ಒಂದು ಗೆರೆ ಸುಳ್ಳು ಬರೆದೆ. ಅದು ಮಿಕ್ಕ ಹತ್ತನ್ನೂ ನುಂಗ್ತಾ ಇದೆ.

೨೦ ಅಕ್ಟೋಬರ್, ಭಾನುವಾರ

ಇನ್ವಿಟೇಷನ್ ಬಂತು. ನಮ್ಮ ಫ್ಯಾಕ್ಟರಿ ಆಡಿಟೋರಿಯಂನಲ್ಲೇ, ನವೆಂಬರ್ ಇಪ್ಪತ್ನಾಲ್ಕಕ್ಕೆ. 'ಜನಪದ ಸಿರಿಕಂಠ ಶ್ರೀಮತಿ ಮುನಿಯಕ್ಕನವರಿಗೆ ಸನ್ಮಾನ. ಶಿಷ್ಯೆ ರಾಮಕ್ಕ ಅವರಿಂದ ಗಾಯನ.' ಅಧ್ಯಕ್ಷತೆ ಮೇಷ್ಟ್ರದ್ದು.

ಆವತ್ತೇ ಮೈಕಲ್ಲಿ ಹೇಳ್ಬಿಡ್ತೀನಿ, ಪದ ನಂದು ಅಂತ. ಇನ್ನು ತಡ್ಕೊಳ್ಳೋಕೆ ಆಗಲ್ಲ.

ಇವರು ಈ ಸಲ ಜೋರಾಗೇ ಅಂದ್ರು. "ನೀನ್ ಹೇಳ್ಕೊಟ್ಟ ಸುಳ್ಳು. ಆ ಮುದುಕಿ ನಿನಗೋಸ್ಕರ ಹೇಳಿದ್ದು. ನೂರು ಜನದ ಮುಂದೆ ಶಾಲು ಹೊದ್ದು ಕೂತಿರುವಾಗ ಅವಳನ್ನ ಸುಳ್ಳಿ ಮಾಡ್ತೀಯಾ?"

ಪುಸ್ತಕ ಬಂದಾಗಿನಿಂದ ದೊಡ್ಡವ್ವನಿಗೆ ಊಟ ಎಲ್ಲರ ಜೊತೆ. ಮೈದುನನ ಸೊಸೆ ಬಿಸಿ ಕಾಫಿ ತಂದು ಕೈಗೆ ಕೊಡ್ತಾಳೆ. ಹಿಂದಿನ ಕೋಣೆಯಿಂದ ನಡುಮನೆಗೆ ಬಂದಿದ್ದಾಳೆ. ನಾನು ಬಾಯಿ ಬಿಟ್ರೆ ವಾಪಸ್ ಎಮ್ಮೆ ಪಕ್ಕ.

ಬಿಡದಿದ್ರೆ ನಾನು ಸಾಯೋವರೆಗೂ ಶಿಷ್ಯೆ.

೨೩ ನವೆಂಬರ್, ಶನಿವಾರ

ದೊಡ್ಡವ್ವ ಬಂದಿದ್ದಾಳೆ. ನಾಳೆಗೆ ಸೀರೆ ಇಲ್ಲೇ ಉಟ್ಕೊಳ್ತಾಳೆ. ವಾಸಂತಿಗೆ ಜಡೆ ಹೆಣೀತಾ ಇದ್ಲು. ನಾನು ಅಕ್ಕಿ ಆರಿಸ್ತಾ ಕೂತಿದ್ದೆ, ಆರಿಸಿದ್ದನ್ನೇ ಮತ್ತೆ ಮತ್ತೆ.

ಕೊನೆಗೆ ಅವಳೇ ತೆಗೆದ್ಲು.

"ಏನೇ ರಾಮಕ್ಕ, ಅನ್ನ ಬೇಯೋ ಮುಂಚೆ ನೀನೇ ಬೆಂದೋಗ್ತೀಯ. ಯೋಳು."

"ನಾಳೆ ನಿಜ ಹೇಳ್ಬೇಕು ಅಂತಿದ್ದೀನಿ ದೊಡ್ಡವ್ವ."

ಜಡೆ ಹೆಣೀತಾನೇ ಇದ್ಲು. ಟೇಪು ಕಟ್ಟಿ ಗಂಟು ಹಾಕಿದ್ಲು. ಆಮೇಲೆ ಅಂದ್ಲು, "ನಂಗೂ ಯೋಳೋದು ಒಂದಿದೆ. ಆ ಮೇಷ್ಟ್ರಯ್ಯ ನಂದು ಒಂದು ಪದನೂ ಬರ್ಕಳ್ಳಿಲ್ಲ. ನಮ್ಮತ್ತೆ ಕೈಲಿ ಏಟು ತಿಂದು ಕಲ್ತಿದ್ದು ಅವು. ನಿನ್ ಪದ ಯೋಳಿ ಯೋಳಿ ನಂಗೂ ಸಾಕಾಗ್ಯದೆ ಕಣೆ. ಎಲ್ಲೋದ್ರೂ ಅದೇ ಕೇಳ್ತಾರೆ."

"ಮನೇಲಿ ಏನಂತಾರೆ ಆಮೇಲೆ?"

"ಏನಂದಾರು? ಅನ್ನುಸ್ಕೊಂಡೇ ಇಷ್ಟ್ ವರ್ಸ ಆಗೋಯ್ತು." ಆದ್ರೆ ಹಾಗಂದಾಗ ನನ್ನ ಮುಖ ನೋಡ್ಲಿಲ್ಲ. ಭಯ ಇದೆ ಅವಳಿಗೆ. ನನಗೂ ಇದೆ.

೨೪ ನವೆಂಬರ್, ಭಾನುವಾರ, ಸಂಜೆ ೭

ಹೇಳ್ದೆ.

ಕ್ರಮವಾಗಿ ಬರೀತೀನಿ. ಮೊದ್ಲು ಶಾಲು, ಹಾರ, ಹಣ್ಣಿನ ಬುಟ್ಟಿ. ಮೇಷ್ಟ್ರು ಇನ್ನೂರು ವರ್ಷದ ಕೊಂಬಿನ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ್ರು. ಆಮೇಲೆ ನನ್ನ ಕರೆದ್ರು. ಹಾಡ್ದೆ. ಹಾಡಿ ಮೈಕ್ ಬಿಡ್ಲಿಲ್ಲ.

"ಈ ಪದ ಕಟ್ಟಿದ್ದು ನಾನು. ಎಂಬತ್ಮೂರರಲ್ಲಿ, ವಾಚ್ ಜೋಡ್ಸೋ ಹಾಲ್‌ನಲ್ಲಿ, ಕೆಲಸ ಮಾಡ್ತಾ. ಕೊಂಬು ಅಂದ್ರೆ ನಮ್ಮ ಸೈರನ್. ಆ ಕೂಸು ನನ್ನ ಮಗಳು ವಾಸಂತಿ, ಅಲ್ಲಿ ಮೂರನೇ ಸಾಲಲ್ಲಿ ಕೂತಿದ್ದಾಳೆ. ಫಾರಂನಲ್ಲಿ ದೊಡ್ಡವ್ವನ ಹೆಸರು ಬರೆದೋಳು ನಾನು, ಅವಳ ಕೈಲಿ ಸುಳ್ಳು ಹೇಳಿಸ್ದೋಳೂ ನಾನೇ. ಅವಳವೇ ಪದ ಬೇಕಾದಷ್ಟಿವೆ, ಯಾರೂ ಕೇಳಿಲ್ಲ."

ಆಮೇಲೆ ಮೇಷ್ಟ್ರು ಎದ್ದು ಬಂದು ನನ್ನ ಕೈಯಿಂದ ಮೈಕ್ ತಗೊಂಡ್ರು. ಕೋಪ ಬಂದಿರುತ್ತೆ ಅಂದ್ಕೊಂಡೆ. ಇಲ್ಲ, ನಗ್ತಾ ಇದ್ರು!

"ನೋಡಿ, ಇದೇ ನಮ್ಮ ಜನಪದದ ಜೀವಾಳ. ಹಾಡುವ ಪ್ರತಿಯೊಬ್ಬ ತಾಯಿಗೂ ಈ ಹಾಡು ನಾನೇ ಕಟ್ಟಿದ್ದು, ನನ್ನ ಮಗುವಿಗೇ ಕಟ್ಟಿದ್ದು ಅನ್ನಿಸುತ್ತದೆ. ರಾಮಕ್ಕನವರು ಎಷ್ಟು ಚೆನ್ನಾಗಿ ಹೇಳಿದರು!"

ಮುಂದಿನ ಸಾಲಿನವರೆಲ್ಲ ಚಪ್ಪಾಳೆ. ನನ್ನ ನಿಜಾನೂ ಟಿಪ್ಪಣಿ ಮಾಡ್ಕೊಂಡ್ಬಿಟ್ರು! ಗೋಡೆಗೆ ತಲೆ ಚಚ್ಕೋಬೇಕು ಅನ್ನಿಸ್ತು.

ಆದ್ರೆ ಹಿಂದಿನ ಸಾಲುಗಳಲ್ಲಿ ಚಪ್ಪಾಳೆ ಇರ್ಲಿಲ್ಲ. ಫಸ್ಟ್ ಶಿಫ್ಟಿನ ಹೆಂಗಸರು. ಸೀತಾಲಕ್ಷ್ಮಿ ಎದ್ದು ನಿಂತ್ಲು, ಅವಳ ಪಕ್ಕದವಳು, ಆಮೇಲೆ ಆ ಸಾಲು ಪೂರ್ತಿ. ಒಬ್ಬಳು ಹಿಂದಿನಿಂದ ಕೂಗಿದ್ಲು, "ನಮಗ್ಗೊತ್ತು ಕಣ್ರೀ ರಾಮಕ್ಕ, ಸೈರನ್ನೇ ಅದು!" ಅವರಿಗೆ ಮೊದಲ ದಿನದಿಂದ ಗೊತ್ತಿತ್ತು. ಎರಡು ವರ್ಷದಿಂದ ನಾನು ಯಾರ ಹತ್ರ ಹೆಸರು ಕೇಳ್ತಾ ಇದ್ದೆ?

ದೊಡ್ಡವ್ವ ಅಷ್ಟರಲ್ಲಿ ತಾನಾಗೇ ಮೈಕ್ ಹತ್ರ ಬಂದು ಬೀಗರ ಪದ ಎತ್ಕೊಂಡ್ಲು. ಹಾರ ಹಾಕ್ಕೊಂಡೇ. ಹಾಲ್ ಬಿದ್ದು ಬಿದ್ದು ನಗ್ತು. ಮೇಷ್ಟ್ರ ಕಿವಿ ಮತ್ತೆ ಕೆಂಪು, ಈ ಸಲ ಆಫ್ ಮಾಡೋಕೆ ಸ್ವಿಚ್ ಅವರ ಕೈಲಿರ್ಲಿಲ್ಲ.

ದಾರೀಲಿ ಕೇಳ್ದೆ, "ಬೇಜಾರಾಯ್ತಾ ದೊಡ್ಡವ್ವ?"

"ಊಂ, ಆಯ್ತು. ನೀನು ಯೋಳೇ ಯೋಳ್ತೀಯ ಅಂತ ಗೊತ್ತಿತ್ತು. ಅದ್ಕೇ ಶಾಲು ಮೊದ್ಲೇ ಬಿಗಿಯಾಗಿ ಒದ್ಕಂಡ್ಬುಟ್ಟೆ." ಆಮೇಲೆ ಮನೆವರೆಗೂ ನನ್ನ ಕೈ ಹಿಡ್ಕೊಂಡೇ ಬಂದ್ಲು.

ನಾಳೆ ಊರಿಗೆ ಹೋಗ್ಬೇಡ ಅಂತ ದೊಡ್ಡವ್ವನಿಗೆ ಇವರೇ ಹೇಳಿದ್ರು. ಇರ್ಲಿ ಇಲ್ಲೇ, ಎಷ್ಟು ದಿನ ಬೇಕಾದ್ರೂ ಅಂತ. ಆ ಮನುಷ್ಯನ್ನ ಎಷ್ಟೋ ಸಲ ತಪ್ಪು ತಿಳ್ಕೊಂಡಿದ್ದೀನಿ. ವಾಸಂತಿ ಮಾತ್ರ ಬಂದೋಳೇ ಮಲಗಿದ್ಲು.

೨೫ ನವೆಂಬರ್, ಸೋಮವಾರ, ಬೆಳಿಗ್ಗೆ ೪-೫೫

ಈ ಹೊತ್ತಲ್ಲಿ ಬರೆಯೋಳಲ್ಲ ನಾನು. ಬರೀಲೇಬೇಕು.

ಎದ್ದು ನೋಡಿದ್ರೆ ಹಾಸಿಗೇಲಿ ವಾಸಂತಿ ಇಲ್ಲ. ಬಾಗ್ಲ ಹತ್ರ ಕೂತಿದ್ದಾಳೆ, ಸ್ವೆಟರ್ ಹಿಂದುಮುಂದಾಗಿ ಹಾಕ್ಕೊಂಡು.

"ಯಾಕೇ ಎದ್ದೆ ಕಂದ?"

"ಆ ಪದದಲ್ಲಿರೋ ಪಾಪು ನಾನೇನಾ?"

"ನೀನೇ."

"ಅದು ತಪ್ಪಮ್ಮಾ. ನಾನು ಮಲಗ್ತಾನೇ ಇರ್ಲಿಲ್ಲ. ನೀನು ಸ್ಟವ್ ಹಚ್ಚಿದಾಗ್ಲೇ ಎಚ್ಚರ ಆಗ್ತಿತ್ತು. ಎದ್ರೆ ನಾನು ಅಳ್ತೀನಿ, ನಿಂಗೆ ಬಸ್ ತಪ್ಪುತ್ತೆ ಅಂತ ಕಣ್ಣು ಮುಚ್ಕೊಂಡಿರ್ತಿದ್ದೆ. ನೀನು ಹಣೆ ಮುಟ್ಟಿ ಹೋಗೋವರೆಗೂ."

ದಿನಾನೂ? ಅಂದೆ. ದಿನಾನೂ ಅಂದ್ಲು.

ಆಗಿನ್ನೂ ನಾಲ್ಕು ವರ್ಷದ ಮಗು. ನನಗೋಸ್ಕರ ನಿದ್ದೆ ನಟಿಸಿದೆ. ನಾನು ಊರೂರಲ್ಲಿ ನಿಂತು, ತುಂಬಿದ ನಿದ್ದೆ ನನ ಕಂದ ಅಂತ... ನಂದು ನಂದು ಅಂತ ಜಗಳ ಆಡಿ ಗೆದ್ಕೊಂಡು ಬಂದ ಪದದಲ್ಲಿ ಆ ಸಾಲೇ ಸುಳ್ಳು.

ಸ್ಟವ್ ಹಚ್ಚಿಲ್ಲ ಇನ್ನೂ. ಎಡಗೈ ಹಿಡ್ಕೊಂಡು ಕೂತಿದ್ದಾಳೆ, ಬಲಗೈಲಿ ಬರೀತಿದ್ದೀನಿ. ಏನ್ ಬರೀತಿದ್ದೀಯ ಅಂತಾಳೆ. ಬಸ್ಸಿಗೆ ಹತ್ತು ನಿಮಿಷ. ಕಣ್ಣು ಇಷ್ಟಗಲ ಬಿಟ್ಕೊಂಡು ನನ್ನ ಮುಖಾನೇ ನೋಡ್ತಾ ಇದ್ದಾಳೆ—